ಗುಳ್ಳೆ ಎದ್ದಿದ್ದು ಯಾರಿಂದ, ಗುಮಾನಿ ಯಾರ ಮೇಲೆ?

ಮುಂಗಾರು ಹಿಡಿದ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಮನೆಗಳಲ್ಲಿ ಎರಡು ದೂರು ಜೊತೆಜೊತೆಗೇ ಕೇಳಿಬರುತ್ತವೆ. ಗೋಡೆ ಮೇಲೆ ಅಂಗೈಯಗಲದ ಜೇಡರಹುಳ ಬಂದು ಕೂತಿದೆ ಎಂಬುದು ಒಂದು. ಕತ್ತಿನ ಮೇಲೆ ಬರೆ ಎಳೆದ ಹಾಗೆ ಉರಿಗುಳ್ಳೆ ಎದ್ದಿದೆ ಎಂಬುದು ಇನ್ನೊಂದು. ಎರಡನ್ನೂ ಗಂಟು ಹಾಕಿ 'ಜೇಡ ಉಚ್ಚೆ ಹೊಯ್ದಿದೆ' ಎಂದು ತೀರ್ಮಾನಿಸಿ ಪೊರಕೆ ಎತ್ತುವುದು ಹಳೆಯ ರೂಢಿ. ಆದರೆ ಜೇಡದ ಮಲಮೂತ್ರ ಎರಡೂ ಸೇರಿದ ಬಿಳಿ ಹನಿಯಲ್ಲಿ ಚರ್ಮ ಸುಡುವಂಥದ್ದೇನೂ ಇಲ್ಲ. ಗುಳ್ಳೆ ಎಬ್ಬಿಸುವುದು ಪೀಡೆರಸ್ ಎಂಬ ಪುಟ್ಟ ದುಂಬಿ. ಉದ್ದ ಒಂದು ಸೆಂಟಿಮೀಟರ್ ಕೂಡ ಇಲ್ಲ. ಇರುವೆಯಂಥ ಮೈ, ಕಿತ್ತಳೆ ಕಪ್ಪು ಪಟ್ಟೆ, ನಡುವೆ ನೀಲಿಯಾಗಿ ಹೊಳೆಯುವ ಗಿಡ್ಡ ರೆಕ್ಕೆ. ಭದ್ರಾ ನಾಲೆಯ ನೀರುಂಡ ಭತ್ತದ ಗದ್ದೆಯಂಥ ತೇವದ ಜಾಗವೆಂದರೆ ಇದಕ್ಕೆ ಇಷ್ಟ, ರಾತ್ರಿ ಟ್ಯೂಬ್‌ಲೈಟಿನ ಬೆಳಕಿಗೆ ಮನೆಯೊಳಗೆ ಹಾರಿ ಬರುತ್ತದೆ. ಇದು ಕಚ್ಚುವುದೂ ಇಲ್ಲ, ಚುಚ್ಚುವುದೂ ಇಲ್ಲ. ಮೈಮೇಲೆ ಹರಿದಾಗ ನಿದ್ದೆಗಣ್ಣಿನಲ್ಲಿ ಉಜ್ಜಿಬಿಟ್ಟರೆ ಅದರ ರಸದಲ್ಲಿರುವ ಪೆಡರಿನ್ ಎಂಬ ವಿಷ ಉಜ್ಜಿದ ದಾರಿಗುಂಟ ಹರಡಿ, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಉರಿ, ಗುಳ್ಳೆ ಏಳುತ್ತವೆ. ಗುಳ್ಳೆ ಗೆರೆಯಾಗಿ ಏಳುವುದು ಇದಕ್ಕೇ. ಮೊಣಕೈ ಮಡಿಕೆಯಲ್ಲಿ ಉಜ್ಜಿದ್ದರೆ ಮಡಿಕೆಯ ಎರಡೂ ಬದಿಗೆ ಅದೇ ಗುರುತು ಅಚ್ಚೊತ್ತಿರುತ್ತದೆ. ಯಾವ ಜೇಡವೂ ಹಾಗೆ ಅಳತೆಯಿಟ್ಟು ಉಚ್ಚೆ ಹೊಯ್ಯಲಾರದು.

ಹಾಗಾದರೆ ಗೋಡೆ ಮೇಲೆ ಕೂತದ್ದು ಯಾವುದು? ಬಹುಮಟ್ಟಿಗೆ ಹೆಟೆರೊಪೊಡ ವೆನಟೋರಿಯ ಎಂಬ ಬೇಟೆಗಾರ ಜೇಡ. 1767ರಲ್ಲಿ ಲಿನೇಯಸ್ ಹೆಸರಿಟ್ಟದ್ದು. ಬಾಳೆಗೊನೆ, ಸರಕುಗಳ ಜೊತೆ ಹಡಗು ಹತ್ತಿ ಬಿಸಿನಾಡುಗಳನ್ನೆಲ್ಲ ಸುತ್ತಿ ಬಂದಿದೆ. ಕಾಲು ಚಾಚಿದರೆ ಹತ್ತು ಹನ್ನೆರಡು ಸೆಂಟಿಮೀಟರ್, ಮೈ ಮಾತ್ರ ಎರಡು ಮೂರು. ಗುರುತಿಸಲು ಅದರ ಕಾಲು ನೋಡಬೇಕು. ಅವು ಏಡಿಯ ಕಾಲಿನಂತೆ ಅಕ್ಕಪಕ್ಕಕ್ಕೆ ಚಾಚಿಕೊಂಡಿರುವುದರಿಂದ ಮೈ ಗೋಡೆಗೆ ಅಂಟಿಸಿದಂತಿರುತ್ತದೆ, ಕ್ಯಾಲೆಂಡರ್ ಹಿಂದಿನ ಸಂದಿಗೂ ನುಸುಳಬಲ್ಲದು. ಟಾರ್ಚ್ ಬಿಟ್ಟು ಹತ್ತಿರದಿಂದ ನೋಡಿದರೆ ಕಣ್ಣುಗಳ ಕೆಳಗೆ ಮೀಸೆಯಂತೆ ಒಂದು ಮಾಸಲು ಬಿಳಿ ಪಟ್ಟಿ. ಹೆಣ್ಣು ಕೆಲವೊಮ್ಮೆ ನಾಣ್ಯದಂಥ ಚಪ್ಪಟೆ ಬಿಳಿ ಮೊಟ್ಟೆಚೀಲವನ್ನು ಎದೆಯಡಿ ಅವುಚಿಕೊಂಡೇ ಓಡಾಡುತ್ತದೆ. ಇದು ಬಲೆ ಹೆಣೆಯುವುದಿಲ್ಲ, ಜಿರಳೆಯನ್ನು ಅಟ್ಟಿಸಿ ಹಿಡಿಯುತ್ತದೆ. ಸೂರಿನ ಮೂಲೆಯಲ್ಲಿ ಜೋತಾಡುವ ಧೂಳುಬಲೆ ಬಹುತೇಕ ಕೂದಲೆಳೆ ಕಾಲಿನ ಬೇರೊಂದು ಜೇಡದ್ದು. ಅಡಿಕೆ ಚೀಲ ಪೇರಿಸಿದ ಚನ್ನಗಿರಿಯ ಗೋದಾಮಾಗಲಿ, ಜಗಳೂರಿನ ಮಣ್ಣಿನ ಮಾಳಿಗೆ ಮನೆಯಾಗಲಿ, ಸಂದುಗೊಂದಿದ್ದು ಹುಳ ಸಿಕ್ಕುವಲ್ಲಿ ಇದು ನೆಲೆ ಹೂಡುತ್ತದೆ. ಜೇಡ ಬಂದಿದೆಯೆಂದರೆ ಅಡುಗೆಮನೆಯಲ್ಲಿ ಜಿರಳೆ ಇರಬಹುದು ಎಂದೂ ಅರ್ಥ, ಅದು ಕೇಳಲು ಹಿತವಾದ ಮಾತಲ್ಲ.

ಜೇಡಕ್ಕೆ ವಿಷವೇ ಇಲ್ಲವೇ, ಕಚ್ಚುವುದಿಲ್ಲವೇ ಎಂದು ಕೇಳಬಹುದು. ವಿಷ ಇದೆ, ಅದಿಲ್ಲದೆ ಜಿರಳೆಯನ್ನು ಮಣಿಸುವುದು ಹೇಗೆ? ಬರಿಗೈಲಿ ಅದುಮಿದರೆ ಕಚ್ಚೀತು; ನೋವು, ಬಾವು ಸಾಮಾನ್ಯವಾಗಿ ಕಚ್ಚಿದ ಜಾಗಕ್ಕೇ ನಿಂತು ತಾನಾಗಿ ಇಳಿಯುತ್ತವೆ. ಇನ್ನೂ ಗಟ್ಟಿಯಾದ ಆಕ್ಷೇಪ ಟರಾಂಟುಲಾದ್ದು. ಮಲೆನಾಡಿನಂಚಿನಲ್ಲಿ ಅವು ಇಲ್ಲದಿಲ್ಲ, ಮಳೆಗಾಲದಲ್ಲಿ ಗಂಡು ಹೆಣ್ಣನ್ನು ಅರಸಿ ಬಿಲ ಬಿಟ್ಟು ಅಲೆಯುತ್ತದೆ. ಮೈತುಂಬ ದಟ್ಟ ರೋಮ, ದಪ್ಪ ಕಾಲು, ನೆಲದ ಮೇಲೆ ನಿಧಾನ ನಡಿಗೆ. ಚಪ್ಪಟೆ ಮೈಯ ಓಟಗಾರನಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ನಮ್ಮ ದೇಶದ ಮರವಾಸಿ ಟರಾಂಟುಲಾ ಕಚ್ಚಿ ದಿನಗಟ್ಟಲೆ ಸ್ನಾಯು ಸೆಳೆತ ಅನುಭವಿಸಿದವರಿದ್ದಾರೆ, ಆದ್ದರಿಂದ ಅದರಿಂದ ದೂರ ಇರುವುದೇ ಸರಿ. 2012ರಲ್ಲಿ ಅಸ್ಸಾಂನ ಸದಿಯಾದಲ್ಲಿ ಜೇಡ ಕಚ್ಚಿ ಇಬ್ಬರು ಸತ್ತರೆಂಬ ಸುದ್ದಿ ದೇಶವನ್ನೆಲ್ಲ ಸುತ್ತಿತು. ಅವರನ್ನು ಮೊದಲು ಕರೆದೊಯ್ದದ್ದು ಮಂತ್ರವಾದಿಗಳ ಬಳಿಗೆ, ಅಲ್ಲಿ ಬ್ಲೇಡಿನಿಂದ ಕೊಯ್ದು ರಕ್ತ ಹರಿಸಿದ್ದರು ಎಂಬ ಭಾಗ ಅಷ್ಟು ದೂರ ಹೋಗಲಿಲ್ಲ. ಸಾವಿಗೆ ಜೇಡವೇ ಕಾರಣವೆಂಬುದು ಸಾಬೀತಾಗಲೂ ಇಲ್ಲ. ಗಾತ್ರಕ್ಕೂ ಅಪಾಯಕ್ಕೂ ನಂಟು ಕಟ್ಟುವವರು ಗಮನಿಸಬೇಕಾದ್ದೆಂದರೆ, ಜಗತ್ತೇ ಹೆದರುವ ಕಪ್ಪು ವಿಧವೆ ಜೇಡದ ಮೈ ಸುಮಾರು ಒಂದೇ ಸೆಂಟಿಮೀಟರ್.

ಜೇಡದ ಮೇಲೆ ಗೂಬೆ ಕೂರಿಸುವುದರಿಂದ ಜೇಡಕ್ಕಿಂತ ಮನುಷ್ಯನಿಗೇ ನಷ್ಟ ಹೆಚ್ಚು. ಎದೆ ಅಥವಾ ಸೊಂಟದ ಒಂದೇ ಮಗ್ಗುಲಿಗೆ ಪಟ್ಟಿಯಾಗಿ ಗುಳ್ಳೆ ಎದ್ದು ನೋವಾದರೆ ಅದು ಬಹುಮಟ್ಟಿಗೆ ಹರ್ಪಿಸ್ ಜೋಸ್ಟರ್, ನಾವು ಸರ್ಪಸುತ್ತು ಅನ್ನುವುದು. ಹಿಂದೆ ಸೀತಾಳೆ ಸಿಡುಬು ತಂದ ವೈರಸ್ಸೇ ಮತ್ತೆ ತಲೆಯೆತ್ತಿರುತ್ತದೆ. ಗುಳ್ಳೆ ಎದ್ದ ಮೂರು ದಿನದೊಳಗೆ ಔಷಧ ಶುರುವಾದರೆ ಗುಣ ಹೆಚ್ಚು, ಜೇಡದ ಉಚ್ಚೆಯೆಂದು ಸೊಪ್ಪಿನ ರಸ ಹಚ್ಚುತ್ತ ಕೂತರೆ ಆ ಮೂರು ದಿನ ಕಳೆದೇಹೋಗುತ್ತದೆ. ದುಂಬಿ ಮೈಮೇಲೆ ಕಂಡರೆ ಉಜ್ಜದೆ ಊದಿ ಹಾರಿಸಿ, ಆ ಜಾಗವನ್ನು ಸೋಪು ನೀರಿನಲ್ಲಿ ತೊಳೆದರೆ ಸಾಕು. ಗೋಡೆಯ ಜೇಡ ಬೇಡವೇ ಬೇಡ ಅನ್ನುವವರು ಅಗಲ ಬಾಯಿಯ ಡಬ್ಬಿ ಕವುಚಿ, ಅಡಿಗೆ ರಟ್ಟು ತೂರಿಸಿ ಹಿತ್ತಲಿಗೆ ಬಿಡಬಹುದು. ಡಬ್ಬಿಯ ಅಂಚಿಗೆ ಕಾಲು ಸಿಕ್ಕದಂತೆ ನೋಡಿಕೊಂಡರಾಯಿತು.