ಕೈಯೂ ಕಲಿಯಬೇಕು



ಪಿಯುಸಿ ವಿಜ್ಞಾನ ವಿಷಯಗಳಲ್ಲಿ ಪ್ರಾಯೋಗಿಕಕ್ಕೆ 30 ಅಂಕಗಳಿವೆ. ಅದಕ್ಕಾಗಿ ನಾವು ಸೂತ್ರ, ವಿಧಾನ, ವೈವಾ ಪ್ರಶ್ನೆ ಎಲ್ಲವನ್ನೂ ಬಾಯಿಪಾಠ ಮಾಡುತ್ತೇವೆ. ಆದರೆ ಲ್ಯಾಬಿನಲ್ಲಿ ಕೆಲಸ ಮಾಡಬೇಕಾದದ್ದು ಕೈ. ಆ ಕೈಗೆ ನಾವು ಏನು ಕಲಿಸಿದ್ದೇವೆ?

ಟೈಟ್ರೇಶನ್ ನೋಡಿ. ಬ್ಯುರೆಟ್‌ನಿಂದ ಬೀಳುವ ಒಂದು ಹನಿ ಸುಮಾರು 0.05 ಮಿ.ಲೀ. ಒಂದು ಕೈ ಬ್ಯುರೆಟ್‌ನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು, ಇನ್ನೊಂದು ಕೈ ಫ್ಲಾಸ್ಕ್ ಅಲ್ಲಾಡಿಸುತ್ತಿರಬೇಕು, ಕಣ್ಣು ಬಣ್ಣದ ಮೇಲಿರಬೇಕು. ಪರ್ಮ್ಯಾಂಗನೇಟ್ ಪ್ರಯೋಗದಲ್ಲಿ ತಿಳಿ ಗುಲಾಬಿ ಬಣ್ಣ ಬಂದು ನಿಂತ ಕೂಡಲೇ ನಾವೂ ನಿಲ್ಲಿಸಬೇಕು. ನಾಲ್ಕು ಹನಿ ಹೆಚ್ಚು ಬಿದ್ದರೆ 0.2 ಮಿ.ಲೀ. ವ್ಯತ್ಯಾಸ. ಇದು ಪುಸ್ತಕ ಓದಿದರೆ ಬರುವುದಿಲ್ಲ, ಕೈ ಪಳಗಿದರೆ ಬರುತ್ತದೆ.

ಕೈ ಕಲಿಯುವ ಬಗೆ

ನಮ್ಮ ಒಂದೊಂದು ಕೈಯಲ್ಲಿಯೂ 27 ಮೂಳೆಗಳಿವೆ. ಬೆರಳುಗಳನ್ನು ಬಲವಾಗಿ ಮಡಚುವ ಸ್ನಾಯುಗಳು ಬೆರಳಿನಲ್ಲಿಲ್ಲ, ಮೊಣಕೈ ಮತ್ತು ಮಣಿಕಟ್ಟಿನ ನಡುವೆ ಇವೆ. ಅಲ್ಲಿ ಇನ್ನೊಂದು ಕೈ ಇಟ್ಟು ಬೆರಳುಗಳನ್ನು ಆಡಿಸಿ ನೋಡಿ, ಸ್ನಾಯುಗಳು ಚಲಿಸುವುದು ತಿಳಿಯುತ್ತದೆ. ಸೂಕ್ಷ್ಮ ಕೆಲಸಗಳಿಗೆ ಅಂಗೈಯ ಸಣ್ಣ ಸ್ನಾಯುಗಳು ನೆರವಾಗುತ್ತವೆ. ಇವೆಲ್ಲವನ್ನೂ ನಡೆಸುವುದು ಮೆದುಳು. ದೇಹದ ಚಲನೆಯನ್ನು ನಿಯಂತ್ರಿಸುವ ಮೆದುಳಿನ ಭಾಗದಲ್ಲಿ ಕೈಗೆ ಮೀಸಲಾದ ಜಾಗ ಕೈಯ ಗಾತ್ರಕ್ಕೆ ಹೋಲಿಸಿದರೆ ಬಹಳ ದೊಡ್ಡದು.

ಆ ಜಾಗ ಅಭ್ಯಾಸದಿಂದ ಬದಲಾಗುತ್ತದೆ. ಪಿಟೀಲಿನಂತಹ ತಂತಿವಾದ್ಯ ನುಡಿಸುವವರ ಮೆದುಳನ್ನು ಪರೀಕ್ಷಿಸಿದ ಒಂದು ಅಧ್ಯಯನ 1995ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ತಂತಿ ಒತ್ತುವ ಎಡಗೈ ಬೆರಳುಗಳ ಸ್ಪರ್ಶವನ್ನು ಗ್ರಹಿಸುವ ಭಾಗ ಅವರಲ್ಲಿ ಇತರರಿಗಿಂತ ಹಿಗ್ಗಿತ್ತು. ಅಂದರೆ ಯಾವ ಬೆರಳಿಗೆ ಕೆಲಸ ಕೊಡುತ್ತೇವೋ ಆ ಬೆರಳು ಕಲಿಯುತ್ತದೆ. ಮೊಬೈಲ್‌ನಲ್ಲಿ ದಿನವಿಡೀ ಕೆಲಸ ಮಾಡುವುದು ಹೆಚ್ಚಾಗಿ ಎರಡು ಹೆಬ್ಬೆರಳುಗಳು ಮಾತ್ರ.

ಮನೆಯಲ್ಲೇ ಇರುವ ತರಗತಿ

ನಮ್ಮ ಉಮ್ಮ ಸಂಜೆ ಮಲ್ಲಿಗೆ ಕಟ್ಟುತ್ತಾರೆ. ಉಡುಪಿ ಮಲ್ಲಿಗೆಯ ಲೆಕ್ಕದಲ್ಲಿ ಒಂದು ಚೆಂಡಿಗೆ 800 ಮೊಗ್ಗು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಎಡಗೈ ಮೊಗ್ಗುಗಳನ್ನು ನಲುಗದಂತೆ ಹಿಡಿಯುತ್ತದೆ, ಬಲಗೈ ಬಾಳೆನಾರನ್ನು ಸುತ್ತಿ ಬಿಗಿಯುತ್ತದೆ. ಬಿಗಿ ಹೆಚ್ಚಾದರೆ ತೊಟ್ಟು ತುಂಡಾಗುತ್ತದೆ, ಕಡಿಮೆಯಾದರೆ ಹೂ ಉದುರುತ್ತದೆ. ಉಮ್ಮ ನಮ್ಮ ಜೊತೆ ಮಾತಾಡುತ್ತಲೇ ಕಟ್ಟುತ್ತಾರೆ. ಜೀವಶಾಸ್ತ್ರದ ಲ್ಯಾಬಿನಲ್ಲಿ ಚಿಮುಟ ಹಿಡಿದು, ಶಲಾಕೆಗೆ ಪೆಟ್ಟಾಗದಂತೆ ಹೂವಿನ ಕೇಸರ ತೆಗೆಯುವಾಗ ನನಗೆ ಬೇಕಾದದ್ದೂ ಇದೇ ಹದ. ಆದರೂ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ನಮ್ಮಲ್ಲಿ ಹಲವರು 'ಏನೂ ಇಲ್ಲ' ಎಂದು ಬರೆದುಬಿಡುತ್ತೇವೆ.

ಇನ್ನೂ ಕೆಲವು ಕೆಲಸಗಳನ್ನು ಗಮನಿಸಿ:

ಮೆಹಂದಿ ಕೋನ್: ಒಂದೇ ಸಮನಾದ ಒತ್ತಡ ಕೊಟ್ಟು ಗೆರೆ ಎಳೆಯುವುದು. ಡ್ರಾಪರ್ ಹಿಡಿಯುವವರಿಗೆ ಒಳ್ಳೆಯ ಅಭ್ಯಾಸ.

ಸೂಜಿಗೆ ದಾರ ಪೋಣಿಸಿ ಗುಂಡಿ ಹೊಲಿಯುವುದು: ಕಣ್ಣು ಮತ್ತು ಬೆರಳ ತುದಿ ಒಟ್ಟಿಗೆ ಕೆಲಸ ಮಾಡುತ್ತವೆ.

ಈರುಳ್ಳಿಯನ್ನು ತೆಳುವಾಗಿ ಹೆಚ್ಚುವುದು: ಕಾಂಡದ ಅಡ್ಡಸೀಳಿಕೆಯನ್ನು ಬ್ಲೇಡಿನಲ್ಲಿ ತೆಗೆಯುವವರಿಗೆ ಇದರ ಬೆಲೆ ಗೊತ್ತು.

ಕೇರಂ: ಸ್ಟ್ರೈಕರ್‌ಗೆ ಎಷ್ಟು ಬಲ ಕೊಡಬೇಕು ಎಂಬ ಅಂದಾಜನ್ನು ಬೆರಳಿಗೆ ಕಲಿಸುತ್ತದೆ.

ಸೈಕಲ್ ಚೈನ್ ಹಾಕುವುದು, ಸ್ಕ್ರೂ ಬಿಗಿಯುವುದು: ಉಪಕರಣದ ಮೂಲಕ ಬಿಗಿತವನ್ನು ಅರಿಯುವುದು.

ಒಂದು ಮಾತು ನೆನಪಿರಲಿ. ಕೇರಂ ಚೆನ್ನಾಗಿ ಆಡುವವರಿಗೆ ತಾನಾಗಿಯೇ ಹೊಲಿಗೆ ಬರುವುದಿಲ್ಲ. ಕೈ ತಾನು ಮಾಡಿದ ಕೆಲಸವನ್ನೇ ಹೆಚ್ಚು ಕಲಿಯುತ್ತದೆ. ಆದ್ದರಿಂದ ಬೇರೆ ಬೇರೆ ಬಗೆಯ ಕೆಲಸ ಬೇಕು. ಆದರೆ ನಮ್ಮ ಮನೆಗಳಲ್ಲಿ ಸೂಜಿ, ಹೂ, ಚೂರಿ ಹುಡುಗಿಯರ ಪಾಲಿಗೆ, ಸ್ಕ್ರೂಡ್ರೈವರ್, ಸೈಕಲ್ ಹುಡುಗರ ಪಾಲಿಗೆ. ಹೀಗೆ ಇಬ್ಬರಿಗೂ ಅರ್ಧ ವಿದ್ಯೆಯೇ ಸಿಗುತ್ತದೆ. ಮುಂದೆ ಗಾಯಕ್ಕೆ ಹೊಲಿಗೆ ಹಾಕುವ ಡಾಕ್ಟರ್ ಹುಡುಗನೇ ಇರಬಹುದು, ಸರ್ಕ್ಯೂಟ್ ಜೋಡಿಸುವ ಎಂಜಿನಿಯರ್ ಹುಡುಗಿಯೇ ಇರಬಹುದು. ಆಗ ಕೆಲಸ ಕೇಳುವುದು ಪಳಗಿದ ಕೈಯನ್ನು, ಅದು ಯಾರದೆಂದು ಅಲ್ಲ.

ನೀವೇ ಅಳೆದು ನೋಡಿ

ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುವವರ ಬೆರಳುಗಳ ಚುರುಕನ್ನು ತಿಳಿಯಲು ಚಿಕಿತ್ಸಕರು ಒಂಬತ್ತು ರಂಧ್ರಗಳ ಪರೀಕ್ಷೆಯನ್ನು ಬಳಸುತ್ತಾರೆ. ಅದರ ಸರಳ ರೂಪವನ್ನು ಮನೆಯಲ್ಲೇ ಮಾಡಬಹುದು. ಥರ್ಮಾಕೋಲ್ ತುಂಡಿನಲ್ಲಿ ಮೂರು ಸಾಲುಗಳಲ್ಲಿ ಒಂಬತ್ತು ರಂಧ್ರ ಮಾಡಿ. ಮದ್ದು ತೆಗೆದ ಒಂಬತ್ತು ಬೆಂಕಿಕಡ್ಡಿಗಳನ್ನು ಒಂದೇ ಕೈಯಿಂದ, ಒಂದೊಂದಾಗಿ ಸಿಕ್ಕಿಸಿ, ಮತ್ತೆ ಒಂದೊಂದಾಗಿ ತೆಗೆಯಿರಿ. ಎಷ್ಟು ಸೆಕೆಂಡ್ ಬೇಕಾಯಿತು ಎಂದು ಬರೆದಿಡಿ. ಇನ್ನೊಂದು ಕೈಯಿಂದಲೂ ಮಾಡಿ. ಆಮೇಲೆ ದಿನಕ್ಕೆ ಹದಿನೈದು ನಿಮಿಷ ಯಾವುದಾದರೂ ಕೈಕೆಲಸ ಮಾಡಿ, ನಾಲ್ಕು ವಾರದ ನಂತರ ಮತ್ತೆ ಅಳೆಯಿರಿ. ಕೆಲಸ ಕಲಿಯುವಾಗ ಮೊದಲು ನಿಧಾನವಾಗಿ, ಸರಿಯಾಗಿ ಮಾಡಿ. ವೇಗ ಆಮೇಲೆ ಬರುತ್ತದೆ. ಬೆಳಕು ಚೆನ್ನಾಗಿರಲಿ, ಕೈ ನೋಯತೊಡಗಿದರೆ ನಿಲ್ಲಿಸಿ.

ಈ ವಾರಕ್ಕೆ ಒಂದು ಕೋರಿಕೆ. ಹುಡುಗರು ತಮ್ಮ ಅಂಗಿಯ ಕಿತ್ತುಹೋದ ಗುಂಡಿಯನ್ನು ತಾವೇ ಹೊಲಿಯಲಿ. ಹುಡುಗಿಯರು ಕರೆಂಟಿಗೆ ಹಾಕದ ಒಂದು ಹಳೆಯ ಪ್ಲಗ್ ಬಿಚ್ಚಿ, ವಯರ್‌ಗಳನ್ನು ಮತ್ತೆ ಜೋಡಿಸಲಿ. ಗೊತ್ತಾಗದಿದ್ದರೆ ಮನೆಯಲ್ಲಿ ಆ ಕೆಲಸ ಬಲ್ಲವರನ್ನು ಕೇಳಿ. ಕಲಿಸಲು ಅವರಿಗೂ ಖುಷಿಯಾಗುತ್ತದೆ.