ನಿಮಗಿದು ಗೊತ್ತೆ? ದಣಿದ ಮನಸ್ಸು ಹಂಚಿಕೊಳ್ಳದು
ಕಣ್ತೆರೆದು ಎಚ್ಚರವಾಗಿ ಕುಳಿತಿರುವ ಮನುಷ್ಯನ ಮಿದುಳಿನಲ್ಲಿ ವಿವೇಕಕ್ಕೆ ನೆಲೆಯಾದ ಮುಂಭಾಗ ಮಾತ್ರ ತೂಕಡಿಸಬಲ್ಲುದು. ಇಟಲಿಯ ಲುಕ್ಕಾ ನಗರದ ವಿಜ್ಞಾನಿಗಳು 2024ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಸ್ಸನ್ನು ಬಿಗಿಹಿಡಿಯಬೇಕಾದ ಕೆಲಸವನ್ನು ಮುಕ್ಕಾಲು ಗಂಟೆ ಮಾಡಿ ದಣಿದವರ ಮಿದುಳಿನಲ್ಲಿ ನಿದ್ರೆಯನ್ನು ಹೋಲುವ ಮಂದ ತರಂಗಗಳು ಗೋಚರಿಸಿದುವು. ಬಳಿಕ ಒಂದೇ ಸಂಪತ್ತನ್ನು ಇಬ್ಬರು ಹಂಚಿಕೊಳ್ಳಬೇಕಾದ ಆಟಗಳಿಗೆ ಕುಳ್ಳಿರಿಸಿದಾಗ, ದಣಿಯದವರಲ್ಲಿ ನೂರಕ್ಕೆ 86ರಷ್ಟಿದ್ದ ಸಾಮರಸ್ಯವು ದಣಿದವರಲ್ಲಿ 41ಕ್ಕೆ ಕುಸಿದಿತ್ತು. ಪಾಲ್ಗೊಂಡವರು 447 ಜನ.

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಸೀಮೆಯ ಭತ್ತದ ಗದ್ದೆಗಳಿಗೆ ಇದು ದೂರದ ಸಂಗತಿಯಲ್ಲ. ವಿಜಯನಗರದ ಅರಸರ ಕಾಲದ ದೇಶನೂರು, ಸಿರುಗುಪ್ಪ ಕಾಲುವೆಗಳು ಇಂದಿಗೂ ಹರಿಯುವ ಈ ನಾಡಿನಲ್ಲಿ ನೀರಿನ ಸರದಿಯೆಂಬುದು ಶತಮಾನಗಳ ಶಿಸ್ತು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯ ನೀರೂ ಮೇಲಿನ ಹೊಲಗಳನ್ನು ದಾಟಿಯೇ ಕೊನೆಭಾಗವನ್ನು ಮುಟ್ಟಬೇಕು. ಹಗಲೆಲ್ಲ ದುಡಿದು, ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಬ್ಯಾಟರಿ ಹಿಡಿದು, ತನ್ನ ಸರದಿಗಾಗಿ ನಡುರಾತ್ರಿಯಲ್ಲಿ ಬದುವಿನ ಮೇಲೆ ಕಾದು ನಿಂತ ರೈತನು, ನೀರು ತೆಳುವಾದುದನ್ನು ಕಂಡು ಪಕ್ಕದ ಹೊಲದವನ ಮೇಲೆ ಕೂಗಾಡಿದರೆ, ಅದನ್ನು ಬರಿಯ ಸ್ವಾರ್ಥವೆನ್ನುವುದು ಅನ್ಯಾಯವೆಂದೇ ನಮ್ಮ ಎಣಿಕೆ. ಮೇಲಿನವನು ಹೇಳಿದ ಹೊತ್ತು ಮೀರಿಯೂ ತೂಬು ಮುಚ್ಚದೆ ಇದ್ದುದಕ್ಕೂ ಅದೇ ಬಳಲಿಕೆ ಕಾರಣವಾಗಿರಬಹುದು.

ಆದುದರಿಂದ, ಬಂಧುಗಳೆ, ಬಳ್ಳಾರಿಯ ಸಭೆಯಲ್ಲಾಗಲಿ, ಊರ ಕಟ್ಟೆಯ ಮೇಲಾಗಲಿ, ನೀರು ಹಂಚುವ ಮಾತನ್ನು ರಾತ್ರಿಯ ಬದುವಿನ ಮೇಲೆ ಎತ್ತದೆ, ನಿದ್ದೆ ತಿಳಿದೆದ್ದ ಮುಂಜಾನೆಗೆ ಇಟ್ಟುಕೊಳ್ಳಿ.