ಕತ್ತಲೆಯ ನೆರವಿನಿಂದ ರೆಕ್ಕೆಯ ಚಿತ್ರ

ಮಲೆನಾಡಿನ ಸೆರಗು ಬಯಲುಸೀಮೆಯನ್ನು ಮುಟ್ಟುವ ಶಿಗ್ಗಾಂವಿ ತಾಲೂಕಿನಲ್ಲಿ, ಹುಲಗೂರಿನಂಥ ಊರುಗಳ ಹಿತ್ತಲಿನ ದಾಸವಾಳ ಹೂಬಿಟ್ಟ ಕಾಲಕ್ಕೆ, ಅರ್ಧ ಗೇಣಿನಷ್ಟೂ ಉದ್ದವಿಲ್ಲದ ಸೂರಕ್ಕಿಯೊಂದು ಕ್ಷಣಮಾತ್ರ ಗಾಳಿಯಲ್ಲಿಯೇ ನಿಂತು ಮಕರಂದವನ್ನು ಹೀರುವುದನ್ನು ಕಂಡವರು, ಅದನ್ನು ಹಮ್ಮಿಂಗ್‌ಬರ್ಡ್ ಎಂದು ಭಾವಿಸುವುದುಂಟು. ಆದರೆ ಹಮ್ಮಿಂಗ್‌ಬರ್ಡುಗಳು ಅಮೆರಿಕ ಖಂಡಗಳಿಗಷ್ಟೇ ಸೀಮಿತವಾದ ಪಕ್ಷಿಗಳು; ಸೂರಕ್ಕಿಯ ವಂಶವೇ ಬೇರೆ. ಒಂದೇ ಬಗೆಯ ಆಹಾರವನ್ನರಸಿದ ಎರಡು ಕುಲಗಳು ವಿಕಾಸದ ಪಥದಲ್ಲಿ ಪರಸ್ಪರ ಸದೃಶವಾದವು, ಅಷ್ಟೆ. ಇವುಗಳ ಹಾರಾಟದ ಭೇದವನ್ನರಿಯಲು ಬರಿಗಣ್ಣು ಸಾಲದು. ಫ್ಲ್ಯಾಶ್ ಬೆಳಕಿನ ಛಾಯಾಚಿತ್ರ ಬೇಕು.

ಉತ್ತರ ಅಮೆರಿಕದ ಕೆಂಗೊರಳಿನ ಹಮ್ಮಿಂಗ್‌ಬರ್ಡ್ ಸೆಕೆಂಡಿಗೆ ಸುಮಾರು 50 ಸಲ ರೆಕ್ಕೆ ಬಡಿಯುತ್ತದೆ. ರೆಕ್ಕೆಯ ತುದಿ ಒಂದು ಬಡಿತದಲ್ಲಿ ಹೋಗಿಬರುವ ದಾರಿ 20 ಸೆಂಟಿಮೀಟರಿನಷ್ಟೆಂದು ಎಣಿಸಿದರೆ, ಅದರ ಸರಾಸರಿ ವೇಗ ಸೆಕೆಂಡಿಗೆ 10 ಮೀಟರ್. ಅಂದರೆ 1/1000 ಸೆಕೆಂಡಿನಲ್ಲಿಯೂ ತುದಿ ಒಂದು ಸೆಂಟಿಮೀಟರ್ ಸರಿದು, ಚಿತ್ರದಲ್ಲಿ ಮಸುಕಾಗುತ್ತದೆ. 1930ರ ದಶಕದಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್, ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ತನ್ನು ಅನಿಲ ತುಂಬಿದ ಗಾಜಿನ ನಳಿಗೆಯಲ್ಲಿ ಹಠಾತ್ತನೆ ಹರಿಯಬಿಟ್ಟು, ಅತ್ಯಲ್ಪಕಾಲದ ಬೆಳಕಿನಿಂದ ಈ ತೊಡಕನ್ನು ಬಿಡಿಸಿದನು. ಅದೇ ಮಾರ್ಗವನ್ನು ಹಿಡಿದ ಕ್ರಾಫರ್ಡ್ ಗ್ರೀನ್‌ವಾಲ್ಟ್ ಎಂಬ ರಾಸಾಯನಿಕ ಎಂಜಿನಿಯರನು 1960ರಲ್ಲಿ ಹಮ್ಮಿಂಗ್‌ಬರ್ಡುಗಳ ಕುರಿತೇ ಸಚಿತ್ರ ಗ್ರಂಥವೊಂದನ್ನು ಪ್ರಕಟಿಸಿದನು.

ಇಲ್ಲಿ ರೆಕ್ಕೆಯನ್ನು ತಡೆದು ನಿಲ್ಲಿಸುವುದು ಕ್ಯಾಮೆರಾದ ಶಟರಲ್ಲ, ಬೆಳಕಿನ ಅಲ್ಪಾಯುಷ್ಯ. ಪೂರ್ಣಶಕ್ತಿಯಿಂದ ಬೆಳಗುವ ಸಾಮಾನ್ಯ ಕೈಫ್ಲ್ಯಾಶು ಸುಮಾರು 1/1000 ಸೆಕೆಂಡು ಉರಿಯುತ್ತದೆ. ಶಕ್ತಿಯನ್ನು ಹದಿನಾರನೆಯ ಒಂದಂಶಕ್ಕೆ ಇಳಿಸಿದರೆ, ಕೆರೆಯ ನೀರು ಹರಿದು ಮುಗಿಯುವ ಮುನ್ನವೇ ತೂಬು ಮುಚ್ಚಿದಂತೆ, ವಿದ್ಯುತ್ಪ್ರವಾಹ ನಡುವೆಯೇ ಕಡಿದು, ಮಿಂಚಿನ ಕಾಲ ಸುಮಾರು 1/10,000 ಸೆಕೆಂಡಿಗೆ ಇಳಿಯುತ್ತದೆ. ಆಗ ರೆಕ್ಕೆಯ ತುದಿ ಸರಿಯುವುದು ಒಂದು ಮಿಲಿಮೀಟರ್ ಮಾತ್ರ. ಹೀಗೆ ದುರ್ಬಲಗೊಂಡ ಬೆಳಕಿನ ಕೊರತೆಯನ್ನು ತುಂಬಲು ಛಾಯಾಗ್ರಾಹಕನು ಮೂರುನಾಲ್ಕು ಫ್ಲ್ಯಾಶುಗಳನ್ನು ಹೂವಿನ ಹತ್ತಿರಕ್ಕೆ ತರುತ್ತಾನೆ. ದೂರವನ್ನು ಅರ್ಧಕ್ಕಿಳಿಸಿದರೆ ಬೀಳುವ ಬೆಳಕು ನಾಲ್ಕುಪಟ್ಟಾಗುವುದು ಪ್ರಕೃತಿಯ ನಿಯಮ.

ಈ ವಿಧಾನದ ಶತ್ರು ಬಿಸಿಲು. ಫ್ಲ್ಯಾಶಿನೊಡನೆ ಹೊಂದಿ ನಡೆಯುವಾಗ ಬಹುತೇಕ ಕ್ಯಾಮೆರಾಗಳ ಶಟರ್ ಸುಮಾರು 1/250 ಸೆಕೆಂಡು ತೆರೆದಿರಲೇಬೇಕಾದುದರಿಂದ, ಆ ಅವಧಿಯಲ್ಲಿ ನುಸುಳಿದ ಹಗಲಬೆಳಕು ಸ್ಪಷ್ಟವಾದ ರೆಕ್ಕೆಯ ಪಕ್ಕದಲ್ಲಿ ಮಬ್ಬಾದ ಇನ್ನೊಂದು ರೆಕ್ಕೆಯನ್ನು ಮೂಡಿಸುತ್ತದೆ. ಆದುದರಿಂದ ನೆರಳಿನ ಹೂವನ್ನು ಆಯ್ದು, ಮಸೂರದ ಕಿಂಡಿಯನ್ನು ಕಿರಿದುಗೊಳಿಸಿ, ಫ್ಲ್ಯಾಶ್ ಇಲ್ಲದೆ ತೆಗೆದ ಚಿತ್ರ ಸಂಪೂರ್ಣ ಕಪ್ಪಾಗುವಷ್ಟು ಕತ್ತಲೆಯನ್ನು ಮೊದಲು ಸಿದ್ಧಪಡಿಸಬೇಕು. ಹಿನ್ನೆಲೆಗೂ ಪ್ರತ್ಯೇಕ ಫ್ಲ್ಯಾಶ್ ಬೇಕು; ಇಲ್ಲದಿದ್ದರೆ ಹಾಡುಹಗಲಿನ ಹಕ್ಕಿ ನಡುರಾತ್ರಿಯಲ್ಲಿ ಹಾರಿದಂತೆ ಕಾಣುತ್ತದೆ. ಗೂಡಿನ ಬಳಿ ಮಾತ್ರ ಈ ಸಲಕರಣೆಯೊಂದೂ ಸಲ್ಲದು.

ಇಷ್ಟೆಲ್ಲ ಪ್ರಯಾಸದ ಫಲವೇನು? ಹಮ್ಮಿಂಗ್‌ಬರ್ಡಿನ ಚಿತ್ರದಲ್ಲಿ ಹಿಂದಕ್ಕೆ ಮರಳುವ ರೆಕ್ಕೆಯೂ ಹರಡಿಕೊಂಡೇ ತಲೆಕೆಳಗಾಗಿರುತ್ತದೆ. ಭುಜದ ಕೀಲು ಅಷ್ಟು ಹೊರಳುವುದರಿಂದ ಆ ಹೊಡೆತದಲ್ಲಿಯೂ ಗಾಳಿ ಅದನ್ನು ಎತ್ತಿಹಿಡಿಯುತ್ತದೆ. ಸೂರಕ್ಕಿಯಾದರೋ ಮೇಲೆತ್ತುವಾಗ ರೆಕ್ಕೆಯನ್ನು ಮಡಿಸಿಕೊಳ್ಳುತ್ತದೆ, ಅದರ ಭಾರವೆಲ್ಲ ಕೆಳಹೊಡೆತದ ಮೇಲೆಯೇ ನಿಲ್ಲುತ್ತದೆ. ಅದಕ್ಕಾಗಿಯೇ ಅದು ಗಾಳಿಯಲ್ಲಿ ಬಹುಕಾಲ ತಂಗಲಾರದೆ, ಸಾಮಾನ್ಯವಾಗಿ ಟೊಂಗೆಯ ಮೇಲೆ ಕುಳಿತೇ ಮಧುಪಾನ ಮಾಡುತ್ತದೆ.